ಹತ್ತಿಯ ದುಡ್ಡು, ಮೇಣದ ಕಾಗದ: 1866ರ ಮೂರು ಫೋಟೊ ಸಂಪುಟಗಳ ಪ್ರಕರಣ

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಒಂದೇ ಮಾಲೆಯ ಮೂರು ದೊಡ್ಡ ಪುಸ್ತಕಗಳು ಹೊರಬಂದವು. ಒಂದು ಅಹಮದಾಬಾದಿನ ವಾಸ್ತುಶಿಲ್ಪದ್ದು, ಒಂದು ಬಿಜಾಪುರದ್ದು, ಇನ್ನೊಂದು ‘ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ’. ಮೂರರಲ್ಲಿ ಎರಡು ನಮ್ಮ ನೆಲದವೇ. ಚಾಲುಕ್ಯ, ಹೊಯ್ಸಳ, ಆದಿಲಶಾಹಿ ಕಟ್ಟಡಗಳ ಬಗ್ಗೆ ಬರೆಯುವವರು ಈ ಸಂಪುಟಗಳ ಚಿತ್ರಗಳನ್ನು ಒಂದಲ್ಲ ಒಂದು ಸಲ ಬಳಸಿಯೇ ಇರುತ್ತಾರೆ. ಕೆಳಗೆ ‘1866ರ ಫೋಟೊ’ ಎಂದು ಅಡಿಬರಹ ಹಾಕಿ ಮುಂದೆ ಸಾಗುತ್ತಾರೆ.

ಆ ಅಡಿಬರಹ ತಪ್ಪು. ಧಾರವಾಡ–ಮೈಸೂರು ಸಂಪುಟದ ನೆಗೆಟಿವ್‌ಗಳು ಮುಖ್ಯವಾಗಿ 1855ರಿಂದ 1857ರ ನಡುವಿನವು. 1866 ಎಂಬುದು ಪುಸ್ತಕದ ವರ್ಷವೇ ಹೊರತು ಚಿತ್ರದ್ದಲ್ಲ. ನಡುವಿನ ಹತ್ತು ವರ್ಷದಲ್ಲಿ 1857ರ ದಂಗೆ ನಡೆಯಿತು, ಕಂಪನಿ ಸರ್ಕಾರ ಹೋಗಿ ರಾಣಿಯ ಆಡಳಿತ ಬಂತು, ಮುಂಬಯಿಯಲ್ಲಿ ಹಣದ ಹುಚ್ಚು ಹೊಳೆ ಉಕ್ಕಿ ಇಳಿಯಿತು. ಈ ಅಂತರ ಹೇಗೆ ಬಂತು ಎಂದು ಕೇಳುತ್ತಾ ಹೋದರೆ ಒಬ್ಬ ಫೋಟೊಗ್ರಾಫರನ, ಒಬ್ಬ ಲೇಖಕನ, ಒಬ್ಬ ವರ್ತಕನ ಕಥೆ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ.

ಶೀರ್ಷಿಕೆ ಪುಟವನ್ನು ಜಮಾಖರ್ಚಿನಂತೆ ಓದುವುದು

ಈ ಪುಸ್ತಕಗಳ ಶೀರ್ಷಿಕೆ ಪುಟ ಉದ್ದವಾದದ್ದು. ಗ್ರಂಥಾಲಯದ ಕಾರ್ಡಿನಲ್ಲಿ ಅದು ‘ಟೇಲರ್ ಮತ್ತು ಫರ್ಗುಸನ್’ ಎಂದು ಮೊಟಕಾಗುತ್ತದೆ. ಎಡವಟ್ಟು ಶುರುವಾಗುವುದೂ ಅಲ್ಲಿಯೇ. ಧಾರವಾಡ ಸಂಪುಟದ ಪುಟದಲ್ಲಿ ಮೊದಲು ಬರುವುದು ಚಿತ್ರ ತೆಗೆದವರು: ಮುಂಬಯಿ ವೈದ್ಯಕೀಯ ಸೇವೆಯ ದಿವಂಗತ ಡಾ. ಪಿಗೌ, ಎ.ಸಿ.ಬಿ. ನೀಲ್, ರಾಯಲ್ ಆರ್ಟಿಲರಿಯಿಂದ ನಿವೃತ್ತನಾದ ಕರ್ನಲ್ ಬಿಗ್ಸ್. ಆಮೇಲೆ ಐತಿಹಾಸಿಕ ವಿವರಣೆ ಬರೆದ ಕರ್ನಲ್ ಮೆಡೋಸ್ ಟೇಲರ್, ವಾಸ್ತು ಟಿಪ್ಪಣಿ ಬರೆದ ಜೇಮ್ಸ್ ಫರ್ಗುಸನ್. ಪ್ರಕಟಣೆ ‘ಪಶ್ಚಿಮ ಭಾರತದ ವಾಸ್ತು ಪ್ರಾಚೀನತೆಗಳ ಸಮಿತಿ’ಯ ಪರವಾಗಿ.

ಹಣ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಉಳಿದೆರಡು ಸಂಪುಟಗಳನ್ನೂ ತೆರೆಯಬೇಕು. ಅಹಮದಾಬಾದ್ ಸಂಪುಟದ ಮೇಲೆ ‘ಪ್ರೇಮಚಂದ್ ರಾಯಚಂದ್ ಅವರ ಆಶ್ರಯದಲ್ಲಿ’ ಎಂದಿದೆ. ಬಿಜಾಪುರದ್ದರ ಮೇಲೆ ಕರ್ಸನ್‌ದಾಸ್ ಮಾಧವದಾಸ್ ಹೆಸರು. ಇಬ್ಬರೂ ಮುಂಬಯಿಯ ವರ್ತಕರು. (ಈ ಕರ್ಸನ್‌ದಾಸರನ್ನು ಮಹಾರಾಜ ಮಾನನಷ್ಟ ಮೊಕದ್ದಮೆಯ ಪತ್ರಕರ್ತ ಕರ್ಸನ್‌ದಾಸ್ ಮುಲ್ಜಿಯೊಂದಿಗೆ ಬೆರೆಸಬಾರದು. ಒಂದೇ ಕಾಲ, ಒಂದೇ ಊರು, ಆದರೆ ಬೇರೆ ಮನುಷ್ಯ.) ಮಾಲೆಯ ಒಂದು ಸಂಪುಟವನ್ನು ಮಾತ್ರ ನೋಡಿದವರಿಗೆ ಆ ಹಣದ ಮೂಲ ಅರ್ಧವೇ ಕಾಣುತ್ತದೆ.

ಬಿಜಾಪುರ ಸಂಪುಟದ ಶೀರ್ಷಿಕೆ ಪುಟದಲ್ಲಿ ಇನ್ನೊಂದು ಸಾಲಿದೆ. ಅಲ್ಲಿನ ಫೋಟೊಗಳಲ್ಲಿ ಹಲವು ಕಟ್ಟಡದ ಫೋಟೊಗಳೇ ಅಲ್ಲ; ಕ್ಯಾಪ್ಟನ್ ಹಾರ್ಟ್, ಎಂಜಿನಿಯರ್ ಕಮಿಂಗ್ ‘ಮತ್ತು ದೇಶೀ ನಕ್ಷೆಗಾರರು’ ಬರೆದ ರೇಖಾಚಿತ್ರಗಳ ಫೋಟೊಗಳು. ದುಡ್ಡು ಕೊಟ್ಟ ಸೇಠರಿಗೆ ಪೂರ್ತಿ ಹೆಸರು, ಬಿಸಿಲಲ್ಲಿ ಅಳತೆಪಟ್ಟಿ ಹಿಡಿದು ಗುಮ್ಮಟ ಅಳೆದವರಿಗೆ ಬರೀ ಒಂದು ಬಹುವಚನ.

ಆ ರೇಖಾಚಿತ್ರಗಳು ಬೇಕಾದದ್ದು ಯಾಕೆಂದರೆ ಗೋಲ ಗುಮ್ಮಟದ ಗುಟ್ಟು ಕ್ಯಾಮರಾಕ್ಕೆ ಸಿಗುವಂಥದ್ದಲ್ಲ. ಸುಮಾರು 124 ಅಡಿ ಒಳವ್ಯಾಸದ ಗುಮ್ಮಟವನ್ನು ಒಂದನ್ನೊಂದು ಹಾಯುವ ಕಮಾನುಗಳು ಹೊತ್ತಿವೆ, ಅಡಿಯಲ್ಲಿ ಕಂಬವಿಲ್ಲದ 18,000 ಚದರ ಅಡಿಗೂ ಹೆಚ್ಚಿನ ಜಾಗವಿದೆ. ಇದು ಅರ್ಥವಾಗಬೇಕಾದರೆ ಕಟ್ಟಡವನ್ನು ನಡುವೆ ಸೀಳಿ ತೋರಿಸುವ ಸೀಳುನಕ್ಷೆಯೇ ಬೇಕು.

ಮಿಲಿಟರಿ ಅಧಿಕಾರಿ, ಮತ್ತಿಬ್ಬರು ವೈದ್ಯರು

1850ರ ದಶಕಕ್ಕೆ ಮೊದಲು ಸ್ಮಾರಕಗಳನ್ನು ದಾಖಲಿಸುವುದೆಂದರೆ ಚಿತ್ರ ಬರೆಯುವುದು, ನಕಲು ಮಾಡುವುದು. ಅಜಂತಾದಲ್ಲಿ ರಾಬರ್ಟ್ ಗಿಲ್ 1840ರ ದಶಕದಿಂದ ಭಿತ್ತಿಚಿತ್ರಗಳ ನಕಲು ಮಾಡುತ್ತಲೇ ಇದ್ದ. ಖರ್ಚು ಏರುತ್ತಲೇ ಇತ್ತು. ಫೋಟೊ ಅಗ್ಗ, ನಿಖರ, ಬೇಗ ಆಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಕಂಪನಿಯ ನಿರ್ದೇಶಕ ಮಂಡಳಿ 1854ರ ಕೊನೆಗೆ ಅದನ್ನೇ ಬಳಸುವಂತೆ ಸಲಹೆ ಕಳುಹಿಸಿತು. ಅದೇ ವರ್ಷ ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತ್ತು.

ಮುಂಬಯಿ ಆರ್ಟಿಲರಿಯ ಥಾಮಸ್ ಬಿಗ್ಸ್‌ನನ್ನು (1822–1905) 1855ರಲ್ಲಿ ಸರ್ಕಾರಿ ವಾಸ್ತು ಫೋಟೊಗ್ರಾಫರ್ ಆಗಿ ನೇಮಿಸಿದರು. ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿ ಅವನು ನೂರಕ್ಕೂ ಹೆಚ್ಚು ಕಾಗದದ ನೆಗೆಟಿವ್ ತೆಗೆದ. ವರ್ಷ ತುಂಬುವ ಮೊದಲೇ, ಡಿಸೆಂಬರಿನಲ್ಲಿ, ಮಿಲಿಟರಿ ಕೆಲಸಕ್ಕೆ ವಾಪಸ್ ಕರೆಸಿಕೊಂಡರು. ಅವನ ಜಾಗಕ್ಕೆ ಬಂದ ಡಾ. ವಿಲಿಯಂ ಪಿಗೌ ಧಾರವಾಡ, ಮೈಸೂರು ಸೀಮೆಯಲ್ಲಿ ಕೆಲಸ ಮುಂದುವರಿಸಿ 1858ರಲ್ಲಿ ತೀರಿಕೊಂಡ. ಆಂಡ್ರ್ಯೂ ನೀಲ್ ಮದ್ರಾಸ್ ಕಡೆಯ ವೈದ್ಯ. ಹಳೇಬೀಡು, ಬೇಲೂರು ಕಡೆಯ ಚಿತ್ರಗಳು ಅವನವು.

ಇವರಿಗಿಂತ ಮೊದಲೇ, 1854ರ ಡಿಸೆಂಬರಿನಲ್ಲಿ, ಮದ್ರಾಸ್ ಸೈನ್ಯದ ಅಧಿಕಾರಿ ಲಿನ್ನಿಯಸ್ ಟ್ರೈಪ್ ಹಳೇಬೀಡು–ಬೇಲೂರುಗಳ ಫೋಟೊ ತೆಗೆದು ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದ. ಹಾಗಾಗಿ ‘ಹೊಯ್ಸಳ ದೇಗುಲಗಳ ಮೊತ್ತಮೊದಲ ಫೋಟೊ’ ಎಂಬ ಹಣೆಪಟ್ಟಿಯನ್ನು ಈ ಸಂಪುಟಕ್ಕೆ ಅಂಟಿಸಬಾರದು. ಬಿಡಿ ಪ್ರಿಂಟುಗಳಲ್ಲಿ ಟ್ರೈಪ್, ನೀಲ್, ಪಿಗೌ ಮೂವರದೂ ಬೆರೆತುಹೋಗುವುದು ಸಾಮಾನ್ಯ. ಒಂದೇ ಗೋಡೆ, ಒಂದೇ ಬಗೆಯ ಕಾಗದ, ಎರಡು ಮೂರು ವರ್ಷದ ಅಂತರ. ಬೇರ್ಪಡಿಸಲು ನೋಡಬೇಕಾದದ್ದು ಶಿಲ್ಪವನ್ನಲ್ಲ, ಅಂಚುಗಳನ್ನು: ನೆರಳು ಬಿದ್ದ ದಿಕ್ಕು ಮತ್ತು ಉದ್ದ, ಜಗತಿಯ ಮೇಲೆ ಬೆಳೆದ ಪೊದೆಯ ಎತ್ತರ, ಬಿದ್ದ ಕಲ್ಲು ಬಿದ್ದಲ್ಲೇ ಇದೆಯೇ ಎಂಬುದು, ಆಕಾಶಕ್ಕೆ ಮಸಿ ಬಳಿದ ಕೈಯ ಗುರುತು.

ಕಾಗದದ ನೆಗೆಟಿವ್ ಏನನ್ನು ತೋರಿಸದು

ಆಕಾಶಕ್ಕೆ ಮಸಿ ಯಾಕೆ? ಇಲ್ಲಿ ರಸಾಯನ ಗೊತ್ತಿಲ್ಲದಿದ್ದರೆ ಚಿತ್ರವನ್ನು ತಪ್ಪಾಗಿ ಓದುತ್ತೇವೆ.

ಕ್ಯಾಲೊಟೈಪ್ ವಿಧಾನದಲ್ಲಿ ಒಳ್ಳೆಯ ಬರವಣಿಗೆ ಕಾಗದಕ್ಕೆ ಸಿಲ್ವರ್ ಅಯೋಡೈಡ್ ಪದರ ಕೂರಿಸುತ್ತಾರೆ. ಬಳಸುವ ಮುಂಚೆ ಸಿಲ್ವರ್ ನೈಟ್ರೇಟ್, ಅಸಿಟಿಕ್ ಆಮ್ಲ, ಗ್ಯಾಲಿಕ್ ಆಮ್ಲ ಬೆರೆಸಿದ ದ್ರಾವಣ ಸವರಿ ಬೆಳಕಿಗೆ ಎಚ್ಚರವಾಗುವಂತೆ ಮಾಡುತ್ತಾರೆ. ಕ್ಯಾಮರಾದಲ್ಲಿ ಬೆಳಕು ಕಂಡ ಕಾಗದವನ್ನು ಮತ್ತೆ ಗ್ಯಾಲಿಕ್ ದ್ರಾವಣದಲ್ಲಿ ಅರಳಿಸಿ, ಹೈಪೋ ಎಂಬ ಗಂಧಕದ ಲವಣದ ದ್ರಾವಣದಲ್ಲಿ ಗಟ್ಟಿಮಾಡಿ, ತೊಳೆದು ಒಣಗಿಸಿ, ಕೊನೆಗೆ ಜೇನುಮೇಣ ಕಾಯಿಸಿ ಹಚ್ಚುತ್ತಾರೆ. ಮೇಣ ಕಾಗದವನ್ನು ಎಣ್ಣೆ ಬಿದ್ದ ಪೊಟ್ಟಣದಂತೆ ಪಾರಕವಾಗಿಸುತ್ತದೆ, ಆಗ ಪ್ರಿಂಟಿನಲ್ಲಿ ನಾರಿನ ಗುರುತು ಕಡಿಮೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಮೇಣವನ್ನು ಮೊದಲೇ ಹಚ್ಚುವ ಕ್ರಮ ತಂದ. ಅಂಥ ಕಾಗದವನ್ನು ಸಿದ್ಧಮಾಡಿ ಒಣಗಿಸಿ ದಿನಗಟ್ಟಲೆ ಇಟ್ಟುಕೊಳ್ಳಬಹುದು. ಎತ್ತಿನ ಗಾಡಿಯಲ್ಲಿ ಊರೂರು ತಿರುಗುವವರಿಗೆ ಇದು ದೊಡ್ಡ ಅನುಕೂಲ. ಗಾಜಿನ ಮೇಲಿನ ಕೊಲೋಡಿಯನ್ ವಿಧಾನದಲ್ಲಾದರೆ ತಟ್ಟೆ ಒದ್ದೆ ಇರುವಾಗಲೇ ಎಲ್ಲ ಮುಗಿಯಬೇಕು, ಕತ್ತಲೆಯ ಡೇರೆ ಪಕ್ಕದಲ್ಲೇ ಇರಬೇಕು, ನಮ್ಮ ಬಿಸಿಲಿಗೆ ಈಥರ್ ಆವಿಯಾಗಿ ಪದರ ಒಣಗುತ್ತದೆ.

ಅನುಕೂಲಕ್ಕೆ ತಕ್ಕ ಬೆಲೆಯೂ ಇದೆ. ಮೇಣದ ಕಾಗದ ನಿಧಾನಿ: ಒಳ್ಳೆಯ ಬಿಸಿಲಲ್ಲೂ ಕೆಲವು ನಿಮಿಷ, ನೆರಳಲ್ಲಿ ಕಾಲು ಗಂಟೆಯೂ ಹಿಡಿಯಬಹುದು. ಅಷ್ಟು ಹೊತ್ತಿನಲ್ಲಿ ನಡೆದಾಡಿದವರು ಅಳಿಸಿಹೋಗುತ್ತಾರೆ. ‘ಆಗ ದೇವಸ್ಥಾನ ಪಾಳುಬಿದ್ದು ಜನರೇ ಇರಲಿಲ್ಲ’ ಎಂದು ಇಂಥ ಚಿತ್ರ ನೋಡಿ ಬರೆದವರು ಫೋಟೊದ ನಿಧಾನವನ್ನು ಊರಿನ ನಿರ್ಜನತೆ ಎಂದುಕೊಂಡಿದ್ದಾರೆ. ಪೂಜೆ ನಡೆಯುತ್ತಿದ್ದ ಗುಡಿಯೂ ಇದರಲ್ಲಿ ಖಾಲಿಯಾಗಿಯೇ ಕಾಣುತ್ತದೆ. ಚಿತ್ರದಲ್ಲಿ ಉಳಿದ ಒಬ್ಬಿಬ್ಬರು ಅಳತೆಗೆಂದು ಹೇಳಿ ನಿಲ್ಲಿಸಿದವರು.

ಅಯೋಡೈಡಿಗೆ ನೀಲಿ ಬೆಳಕು ಬೇಗ ತಾಗುತ್ತದೆ, ಕೆಂಪು ತಾಗುವುದೇ ಇಲ್ಲ ಎನ್ನಬಹುದು. ಆಕಾಶ ಕಪ್ಪಾಗಿ ಸುಟ್ಟು ಕಲೆಕಲೆಯಾಗುತ್ತದೆ. ಅದನ್ನು ಮರೆಸಲು ನೆಗೆಟಿವ್ ಮೇಲೆ ಮಸಿ ಬಳಿಯುತ್ತಿದ್ದರು, ಪ್ರಿಂಟಿನಲ್ಲಿ ಆಗ ಅದು ಬರೀ ಬಿಳಿ. ಮಸಿಯ ಕುಂಚ ಎಡವಿದಲ್ಲಿ ಗೋಪುರದ ತುದಿ, ಕಳಶ, ಗೋಡೆಯ ಮೇಲಿನ ಹುಲ್ಲು ಮಾಯ. ಕಳಶ ಇತ್ತೋ ಇಲ್ಲವೋ ಎಂಬುದನ್ನು ಇಂಥ ಚಿತ್ರದಿಂದ ತೀರ್ಮಾನಿಸುವವರು ಮೊದಲು ಆ ಅಂಚನ್ನು ಭೂತಗಾಜಿನಲ್ಲಿ ನೋಡಲಿ. ಬಾದಾಮಿಯ ಕೆಂಪು ಮರಳುಗಲ್ಲು ಈ ಕಾಗದದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿ, ಶಿಲ್ಪ ನೆರಳಿನಲ್ಲಿ ಹೂತಂತೆ ಬರುತ್ತದೆ. ಗುಹೆಯ ಒಳಭಾಗಕ್ಕೆ ಬೆಳಕೇ ಸಾಲದು. ಹಳೇಬೀಡಿನ ಬೂದು ಬಳಪದ ಕಲ್ಲು ಹೀಗೆ ಕಾಡುವುದಿಲ್ಲ. ಎರಡೂ ಊರಿನ ಚಿತ್ರ ಅಕ್ಕಪಕ್ಕ ಇಟ್ಟು ಕೆತ್ತನೆಯ ಆಳ, ಸೂಕ್ಷ್ಮತೆ ಹೋಲಿಸಿದರೆ ಹೊಯ್ಸಳರೇ ಗೆಲ್ಲುತ್ತಾರೆ. ಆ ಗೆಲುವಿನಲ್ಲಿ ರೂವಾರಿಗಳ ಪಾಲೆಷ್ಟು, ಬೆಳ್ಳಿಯ ಲವಣದ ಪಾಲೆಷ್ಟು ಎಂಬುದನ್ನು ಬಿಡಿಸಿಯೇ ಮಾತಾಡಬೇಕು.

ಪುಸ್ತಕ ಮಾಡುವುದಕ್ಕೆ ಯಾಕೆ ಸೇಠರು ಬೇಕಾದರು

ಆ ಕಾಲದ ಫೋಟೊ ಪುಸ್ತಕದಲ್ಲಿ ಚಿತ್ರ ಅಚ್ಚಾಗುವುದಲ್ಲ, ಅಂಟುವುದು. ಪ್ರತಿ ಪ್ರತಿಯ ಪ್ರತಿ ಚಿತ್ರವೂ ಒಂದು ಬೇರೆಯೇ ಆಲ್ಬುಮೆನ್ ಪ್ರಿಂಟ್. ಕೋಳಿಮೊಟ್ಟೆಯ ಬಿಳಿಗೆ ಉಪ್ಪು ಬೆರೆಸಿ, ಕಡೆದು, ಸೋಸಿ ಕಾಗದಕ್ಕೆ ಹಚ್ಚಿ ಒಣಗಿಸುವುದು. ಸುಮಾರು ಶೇ 10–12ರ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸುವುದು. ನೆಗೆಟಿವ್ ಜೊತೆ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಡುವುದು. ಬಣ್ಣ ಹತ್ತಿದ ಮೇಲೆ ಚಿನ್ನದ ಕ್ಲೋರೈಡಿನಲ್ಲಿ ಅದ್ದಿ, ಹೈಪೋ ಹಾಕಿ, ತೊಳೆದು, ದಪ್ಪ ಹಾಳೆಗೆ ಅಂಟಿಸುವುದು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ, ಹಿಗ್ಗಿಸುವ ಮಾತಿಲ್ಲ.

ಅಹಮದಾಬಾದ್ ಸಂಪುಟದಲ್ಲಿ 120 ಫೋಟೊಗಳಿವೆ. ನೂರು ಪುಸ್ತಕ ಎಂದು ಹಿಡಿದರೂ 12,000 ಪ್ರಿಂಟ್. ಲಂಡನ್ನಿನ ಮೋಡದಲ್ಲಿ ಒಂದೊಂದು ಚೌಕಟ್ಟು ತಾಸುಗಟ್ಟಲೆ ಹಿಡಿಯಬಹುದು, ಅದರ ಮೇಲೆ ಬೆಳ್ಳಿ ಚಿನ್ನದ ಖರ್ಚು. ಹಳೆಯ ಕಾಗದದ ನೆಗೆಟಿವ್ ಗಾಜಿನದಕ್ಕಿಂತ ಮಬ್ಬು, ಇನ್ನೂ ನಿಧಾನ. ಸರ್ಕಾರ ನೆಗೆಟಿವ್‌ಗಳಿಗೆ ಹಣ ಕೊಟ್ಟಿತ್ತು. ಅವು ಹತ್ತು ವರ್ಷ ಸುಮ್ಮನಿದ್ದದ್ದು ಪುಸ್ತಕಕ್ಕೆ ಹಣವಿಲ್ಲದೆ. 1862ರಿಂದ 1867ರವರೆಗೆ ಮುಂಬಯಿ ಗವರ್ನರ್ ಆಗಿದ್ದ ಬಾರ್ಟಲ್ ಫ್ರೀರ್ ಕಾಲದಲ್ಲಿ ಆ ಹಣ ಸೇಠರ ಕೈಯಲ್ಲಿತ್ತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳು ಭಾರತದ ಅರಳೆಗೆ ಬಾಯಿಬಿಟ್ಟವು. ಸೂರತ್ ಮೂಲದ ಜೈನ ವರ್ತಕ ಪ್ರೇಮಚಂದ್ ರಾಯಚಂದ್ (1831–1906) ಈ ಪೇಟೆಯ ರಾಜನೆನಿಸಿಕೊಂಡ. ಅರಳೆಯ ಲಾಭ ಶೇರಿಗೆ ಹರಿಯಿತು. ಮುಂಬಯಿಯ ಬ್ಯಾಕ್ ಬೇ ಕಡಲನ್ನು ತುಂಬಿಸಿ ನೆಲ ಮಾಡುವ ಕಂಪನಿಯ 5,000 ರೂಪಾಯಿಯ ಶೇರು ಹಲವು ಪಟ್ಟು ಬೆಲೆಗೆ ಕೈಬದಲಾಯಿತು. ದಾನವೂ ಅದೇ ವೇಗದಲ್ಲಿ ಹರಿಯಿತು: ತಾಯಿಯ ಹೆಸರಿನ ರಾಜಾಬಾಯಿ ಗಡಿಯಾರ ಗೋಪುರಕ್ಕೆ, ಕಲ್ಕತ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ, ಈ ಪುಸ್ತಕಕ್ಕೆ.

ಕನ್ನಡದ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂಬಯಿ ಪೇಟೆಯಲ್ಲಿ ಅರಳೆಗೆ ಊರಿನ ಹೆಸರೇ ತಳಿಯ ಹೆಸರು. ‘ಧಾರವಾಡ’ ಎಂದರೆ 1840ರ ದಶಕದಿಂದ ನಮ್ಮ ಎರೆ ನೆಲದಲ್ಲಿ ಒಗ್ಗಿದ ಅಮೆರಿಕನ್ ಬೀಜದ ಹತ್ತಿ. ‘ಕುಮಟಾ’ ಎಂದರೆ ಅದೇ ಸೀಮೆಯ ನಾಡಹತ್ತಿ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಹುಬ್ಬಳ್ಳಿ, ಗದಗ ಕಡೆಯ ಅಂಡಿಗೆಗಳು ಘಟ್ಟ ಇಳಿದು ಆ ಬಂದರಿನಿಂದ ಹಡಗು ಹತ್ತುತ್ತಿದ್ದವು, ಹಾಗಾಗಿ ಬಂದರಿನ ಹೆಸರು ಅಂಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಕಾರವಾರ ಬಂದರು ಬೇಕೆಂಬ ಮುಂಬಯಿ ವರ್ತಕರ ಒತ್ತಾಯವಿತ್ತು. ಪುಸ್ತಕಕ್ಕೆ ಬಂದ ಒಂದೊಂದು ರೂಪಾಯಿ ಲಕ್ಕುಂಡಿಯ ಹೊಲದ್ದು ಎಂದು ಯಾರೂ ಲೆಕ್ಕ ತೋರಿಸಲಾರರು. ಆದರೆ ಕ್ಯಾಮರಾ ಹೊತ್ತ ಗಾಡಿ ಓಡಾಡಿದ ಸೀಮೆಯೂ ಅರಳೆ ಹೊತ್ತ ಗಾಡಿಗಳ ಸೀಮೆಯೂ ಒಂದೇ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದವರ ಸೇನಾಪತಿ ಜನರಲ್ ಲೀ ಶರಣಾದ ಸುದ್ದಿ ಬಂದೊಡನೆ ಅರಳೆ ಕುಸಿಯಿತು. ವಾಯಿದೆ ವ್ಯಾಪಾರದ ಲೆಕ್ಕ ಚುಕ್ತಾ ಆಗಬೇಕಿದ್ದ ಜುಲೈ 1ರಂದು ಮನೆತನಗಳು ಸಾಲಾಗಿ ಮುಳುಗಿದವು. ಪ್ರೇಮಚಂದ್‌ಗೆ ಕೈತುಂಬಾ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಕೂಡ ತಡೆದುಕೊಳ್ಳಲಿಲ್ಲ. 1866ರಲ್ಲಿ ಪುಸ್ತಕದ ಮೇಲೆ ಅವನ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗುವಾಗ ಅವನ ಸಾಮ್ರಾಜ್ಯ ಬಿದ್ದಾಗಿತ್ತು. ‘1866ರ ಶ್ರೀಮಂತ ಪೋಷಕ’ ಎಂದು ಬರೆಯುವವರು ಈ ಎರಡು ತಾರೀಖುಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಬರೆದವರೂ ಅಂಗಡಿಯಿಂದ ಬಂದವರೇ

ಲೇಖಕರಿಬ್ಬರನ್ನು ‘ವಿದ್ವಾಂಸರು’ ಎಂಬ ಕಂಬಕ್ಕೆ ಕಟ್ಟಿ, ವರ್ತಕರನ್ನು ‘ಪೋಷಕರು’ ಎಂಬ ಕಂಬಕ್ಕೆ ಕಟ್ಟುವ ರೂಢಿಯಿದೆ. ಜೀವನಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ಮೆಡೋಸ್ ಟೇಲರ್ (1808–1876) ಲಿವರ್‌ಪೂಲ್ ವರ್ತಕನ ಮಗ. ಹದಿನೈದರ ಹುಡುಗನಾಗಿದ್ದಾಗ ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವ್ಯಾಪಾರಿಯ ಕೋಠಿಗೆ ಅವನನ್ನು ಕಳಿಸಿದರು, ಮುಂದೆ ಪಾಲುದಾರನಾಗುವ ಆಸೆ ತೋರಿಸಿ. ಬಂದು ನೋಡಿದರೆ ಕೋಠಿ ಹೆಸರಿಗೆ ಮಾತ್ರ, ಸಾಲದಲ್ಲಿ ಮುಳುಗಿತ್ತು. ನಂಟನೊಬ್ಬನ ವಶೀಲಿಯಿಂದ ನಿಜಾಮನ ಸೈನ್ಯ ಸೇರಿದ. ಮದುವೆಯಾದದ್ದು ಹೈದರಾಬಾದಿನ ಬ್ಯಾಂಕರ್ ವಿಲಿಯಂ ಪಾಮರ್‌ನ ಮಗಳನ್ನು. ಆ ಲೇವಾದೇವಿ ಮನೆಯೂ ಆ ಹೊತ್ತಿಗೆ ದಿವಾಳಿ ಎದ್ದಿತ್ತು. 1841ರಿಂದ 1853ರವರೆಗೆ ಅವನು ಸುರಪುರದಲ್ಲಿದ್ದ. ‘ಟೇಲರ್ ಮಂಜಿಲ್’ ಇಂದಿಗೂ ಅಲ್ಲಿದೆ. 1860ರಲ್ಲಿ ನಿವೃತ್ತನಾಗಿ ಐರ್ಲೆಂಡಿನಲ್ಲಿ ನೆಲೆಸಿದ್ದಾಗಿನ ಬರಹ ಇದು. ಬಿಜಾಪುರ ಸೀಮೆಯ ದಾರಿ, ಕೆರೆ, ಜನ ಅವನಿಗೆ ಗೊತ್ತಿದ್ದದ್ದರಿಂದ ಅಲ್ಲಿನ ವರ್ಣನೆಗೆ ಕಸುವಿದೆ. ರಾಜವಂಶದ ಲೆಕ್ಕ ಬಂದಾಗ ವಾಲ್ಟರ್ ಎಲಿಯಟ್ 1837ರಲ್ಲಿ ಪ್ರಕಟಿಸಿದ ಶಾಸನಲೇಖನದ ಕಾಲಕ್ಕಿಂತ ಬಹಳ ಮುಂದಿನ ತಿಳಿವನ್ನು ಅವನಿಂದ ಬಯಸಬಾರದು.

ಜೇಮ್ಸ್ ಫರ್ಗುಸನ್ (1808–1886) ಕೂಡ ವಾಸ್ತುವಿದ್ಯೆ ಕಲಿತವನಲ್ಲ. ಕಲ್ಕತ್ತದ ಫೇರ್ಲಿ, ಫರ್ಗುಸನ್ ಕಂಪನಿಗೆ ಬಂದು, ಸ್ವಂತ ನೀಲಿ ಕಾರ್ಖಾನೆ ನಡೆಸಿ, ಹತ್ತೇ ವರ್ಷದಲ್ಲಿ ಜೀವಮಾನಕ್ಕೆ ಸಾಕಾಗುವಷ್ಟು ಗಳಿಸಿಕೊಂಡವನು. ಆ ನೀಲಿಯ ದುಡ್ಡಿನಲ್ಲಿ ಊರೂರು ಸುತ್ತಿ ಕಟ್ಟಡ ನೋಡಿದ. ಮಾದರಿ ನೋಡಿ ಸರಕಿನ ದರ್ಜೆ ಹೇಳುವ ವ್ಯಾಪಾರಿಯ ಕಣ್ಣೇ ಅವನ ವಿಧಾನದಲ್ಲೂ ಇದೆ ಎಂದರೆ ಅತಿಯಾಗದು: ಫೋಟೊಗಳನ್ನು ಸಾಲಾಗಿ ಹರಡಿ, ಶೈಲಿ ನೋಡಿ, ಕಾಲ ಹೇಳುವುದು. ಬರಹದ ಸಾಕ್ಷ್ಯಕ್ಕಿಂತ ಕಲ್ಲಿನ ಸಾಕ್ಷ್ಯ ಅವನಿಗೆ ದೊಡ್ಡದು. ಹೊಯ್ಸಳ ಗುಡಿಗಳನ್ನು ಅವನು ‘ಚಾಲುಕ್ಯ ಶೈಲಿ’ ಎಂಬ ಪೆಟ್ಟಿಗೆಗೆ ಹಾಕಿದ; ಆ ಹೆಸರು ಬಹಳ ಕಾಲ ಪಠ್ಯಗಳಲ್ಲಿ ಉಳಿಯಿತು.

ಹೆಸರುಗಳ ಗೊಂದಲ, ಮತ್ತೆ ಶಾಸನಗಳು

ಈ ಸಂಪುಟಗಳನ್ನು ಹುಡುಕುವಾಗ ಈಗಿನ ಕಾಗುಣಿತ ಕೆಲಸಕ್ಕೆ ಬಾರದು. ಬಿಜಾಪುರ ಅಲ್ಲಿ ‘ಬೀಜಾಪೂರ್’, ಐಹೊಳೆ ‘ಐವುಲ್ಲಿ’, ಹಳೇಬೀಡು ‘ಹುಲ್ಲಾಬೀಡ್’. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಬಳ್ಳಿಗಾವಿ ‘ಬೆಲಗಾಮಿ’ ಎಂದು ಬರುವುದರಿಂದ ಅದರ ಚಿತ್ರ, ಶಾಸನಗಳು ಬೆಳಗಾವಿಯ ಕಡತ ಸೇರುವ ಅಪಾಯ ಯಾವಾಗಲೂ ಇದೆ. ಬಳ್ಳಿಗಾವಿ ಇರುವ ಶಿಕಾರಿಪುರಕ್ಕೂ ಬೆಳಗಾವಿಗೂ ಎಷ್ಟು ದೂರ! ದೊಡ್ಡ ಸಂಗ್ರಹದ ಡಿಜಿಟಲ್ ಪಟ್ಟಿಯಲ್ಲಿ ಹುಡುಕುವವರು ನಾಲ್ಕೈದು ಕಾಗುಣಿತ ಹಾಕಿ ನೋಡಬೇಕು. ನಂತರ ಹೆಸರನ್ನು ಮರೆತು ಕಟ್ಟಡವನ್ನೇ ನೋಡಿ ಖಚಿತ ಮಾಡಿಕೊಳ್ಳಬೇಕು.

ಇದೇ ಫೋಟೊ ಕೆಲಸದಿಂದ ಕನ್ನಡಕ್ಕೆ ಪುಸ್ತಕಕ್ಕಿಂತ ಹೆಚ್ಚು ದಕ್ಕಿದ್ದು ಬಹುಶಃ ಶಾಸನಗಳು. ಬಿಗ್ಸ್, ಪಿಗೌ ತೆಗೆದ ಶಾಸನಚಿತ್ರಗಳನ್ನು ಅಹಮದಾಬಾದ್ ಸಂಪುಟದ ಲೇಖಕ ಥಿಯೊಡೋರ್ ಹೋಪ್ 1866ರಲ್ಲೇ ಒಟ್ಟುಮಾಡಿದ. ಶಾಸನತಜ್ಞ ಫ್ಲೀಟ್ 1878ರಲ್ಲಿ ಹೊರತಂದ ಹಳಗನ್ನಡ ಶಾಸನಗಳ ಸಂಗ್ರಹಕ್ಕೆ ಅವು ಆಧಾರವಾದವು. ಮೈಸೂರು ಕಡೆ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಸುಮಾರು 150 ಶಾಸನಗಳ ಫೋಟೊಗಳು ಬಿ.ಎಲ್. ರೈಸ್‌ನ 1879ರ ಸಂಕಲನಕ್ಕೆ ದಾರಿಯಾದವು. ಶಾಸನದ ಫೋಟೊಕ್ಕೆ ಎದುರು ಬೆಳಕು ಶತ್ರು: ಅಕ್ಷರ ಚಪ್ಪಟೆಯಾಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಅದು ಸಿಗದಾಗ ಅಕ್ಷರದ ಗೀರಿಗೆ ಬಿಳಿ ತುಂಬಿ ತೆಗೆಯುವುದುಂಟು; ಆಗ ಫೋಟೊದಲ್ಲಿ ಕಾಣುವುದು ಕಲ್ಲು ಕಡೆದವನ ಅಕ್ಷರವಲ್ಲ, ಬಿಳಿ ತುಂಬಿದವನು ಓದಿಕೊಂಡ ಅಕ್ಷರ. ಹಳಗನ್ನಡದಲ್ಲಿ ಮ–ವ ಬೆರೆಯುವ ಜಾಗದಲ್ಲಿ ಕಲ್ಲಿನ ಅಚ್ಚು ಕಾಣದೆ ಇಂಥ ಚಿತ್ರವನ್ನೇ ನಂಬುವುದು ಸರಿಯಲ್ಲ.

ಕೈಗೆ ಬಿಡಿ ಪ್ರಿಂಟ್ ಸಿಕ್ಕಿದರೆ ಅಂಚಿನ ಹಳದಿಯನ್ನು ತೊಳೆಯಲು ಹೋಗಬೇಡಿ. ಹೈಪೋ ಪೂರ್ತಿ ಹೋಗದೆ ಉಳಿದಿದ್ದರೆ ಗಂಧಕ ಬೆಳ್ಳಿಯನ್ನು ತಿನ್ನುತ್ತದೆ, ತೇವ ಅದನ್ನು ಬೇಗ ಮಾಡಿಸುತ್ತದೆ. ನೀರು ತಾಗಿದರೆ ಮೊಟ್ಟೆಯ ಪದರವೇ ಬಿರಿಯಬಹುದು. ಅಂಟಿಸಿದ ಹಾಳೆಯಿಂದ ಕೀಳುವುದೂ ಬೇಡ, ಸಂಪುಟದ ಗುರುತು ಇರುವುದೇ ಆ ಹಾಳೆಯ ಮೇಲಿನ ಅಚ್ಚಿನಲ್ಲಿ. ದಾಖಲೆಯಲ್ಲಿ ಎರಡು ತಾರೀಖು ಬೇರೆ ಬೇರೆ ಕಲಮಿನಲ್ಲಿರಲಿ: ಧಾರವಾಡ–ಮೈಸೂರಿನದ್ದಾದರೆ ನೆಗೆಟಿವ್ 1855–57, ಪ್ರಿಂಟ್ 1866. ತೆಗೆದವರು, ಬರೆದವರು, ದುಡ್ಡು ಹಾಕಿದವರು ಎಂದು ಮೂರು ಕಲಮು. ಬಿಜಾಪುರದ್ದಾದರೆ ನಕ್ಷೆ ಬರೆದವರದು ನಾಲ್ಕನೆಯದು, ಹೆಸರಿಲ್ಲದಿದ್ದರೂ.

ಎರಡು ತಾರೀಖಿನ ಈ ಹಟ ಯಾಕೆಂಬುದು ಹಳೇಬೀಡಿನ ಕೇದಾರೇಶ್ವರದ ಮುಂದೆ ನಿಂತರೆ ಗೊತ್ತಾಗುತ್ತದೆ. ಎರಡನೆಯ ವೀರಬಲ್ಲಾಳನ ಕಾಲದ ಈ ಗುಡಿಯನ್ನು ಫರ್ಗುಸನ್ ‘ಕೈಟ್ ಈಶ್ವರ’ ಎಂದು ಬರೆದಿದ್ದಾನೆ. ಹಳೆಯ ಫೋಟೊಗಳಲ್ಲಿ ಅದಕ್ಕೆ ಶಿಖರವಿದೆ, ಶಿಖರದ ಸಂದಿಯಲ್ಲಿ ಬೇರು ಬಿಟ್ಟ ಮರವಿದೆ. ಆ ಮರ ಕಲ್ಲುಗಳನ್ನು ಬಿಡಿಸುತ್ತಿದೆ ಎಂದು ಅವನು ಮರುಗಿದ್ದ. ಈಗ ಗುಡಿ ಇದೆ. ಶಿಖರವಿಲ್ಲ, ಮರವೂ ಇಲ್ಲ. ಬೇರು ಯಾವ ವರ್ಷ ಎಷ್ಟು ಇಳಿದಿತ್ತು ಎಂದು ಲೆಕ್ಕ ಹಾಕುವವರಿಗೆ 1856ಕ್ಕೂ 1866ಕ್ಕೂ ಹತ್ತು ಮಳೆಗಾಲದ ವ್ಯತ್ಯಾಸ.